ನೇರಳೆ ಜ್ಯೂಸ್ ಬಾಟಲಿಗೆ ಅಡುಗೆ ಸೋಡ ಹಾಕಿ ನೋಡಿದೆ

ಕಳೆದ ಏಪ್ರಿಲ್‌ನಿಂದ ಈಚೆಗೆ ನಮ್ಮ ಮನೆಗೆ ಐದು ಥರದ ನೇರಳೆ ಬಣ್ಣ ಬಂದಿದೆ. ಒಂದು ನೇರಳೆ ಜ್ಯೂಸ್ ಬಾಟಲಿ, ಒಂದು ಫ್ರೋಜನ್ ಬ್ಲೂಬೆರಿ ಪ್ಯಾಕೆಟ್ಟು, ಒಂದು ಡಬ್ಬಿ ಬೆರಿ ಕ್ಯಾಪ್ಸೂಲ್, ಕ್ಯಾತ್ಸಂದ್ರದ ರಸ್ತೆ ಬದಿಯ ಅಜ್ಜಿಯ ಬುಟ್ಟಿಯಿಂದ ನೇರಳೆ ಹಣ್ಣು, ಆಮೇಲೆ ಪುತ್ತೂರಿನಿಂದ ಬಂದ ಪುನರ್ಪುಳಿ (ಕೋಕಂ) ಒಣಸಿಪ್ಪೆ. ಎಲ್ಲಾ ಅಪ್ಪನಿಗೋಸ್ಕರ. ಅವರಿಗೆ 71 ವರ್ಷ. ಶುಗರ್ ಬಂದು ಹದಿನಾಲ್ಕು ವರ್ಷವಾಯಿತು, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬೆರಿ ಹಣ್ಣಿನ ಬಣ್ಣದಲ್ಲಿ ಹೃದಯಕ್ಕೆ, ಶುಗರ್‌ಗೆ ಒಳ್ಳೆಯದಾಗುವ ಅಂಶ ಇದೆ ಅಂತ ಎಲ್ಲಿ ನೋಡಿದರೂ ಬರುತ್ತಿದೆ, ಅಲ್ವಾ? ಅದರ ಹೆಸರಲ್ಲಿ ಮಾರುವ ಸಾಮಾನುಗಳೂ ಜಾಸ್ತಿ ಆಗಿವೆ. ದುಡ್ಡು ಕೊಟ್ಟು ತಂದು, ಕುಡಿದು, ತಿಂದು, ಒಂದಿಷ್ಟು ಓದಿ ನನಗೆ ಗೊತ್ತಾಗಿದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಿಗೋ ತರಿಸಬೇಕು ಅಂದುಕೊಂಡಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ಬಾಟಲಿ. ಏಪ್ರಿಲ್‌ನಲ್ಲಿ ನೇರಳೆ ಹಣ್ಣು ಎಲ್ಲಿ ಸಿಗುತ್ತದೆ? ಅದಕ್ಕೇ ಆನ್‌ಲೈನ್‌ನಲ್ಲಿ ಹುಡುಕಿ ಒಂದು ಲೀಟರಿನ ಜ್ಯೂಸ್ ತರಿಸಿದೆ, 380 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಬಾಟಲಿಯ ಮುಂದೆ ಇಬ್ಬನಿ ಹನಿ ಕೂತ ನೇರಳೆ ಗೊಂಚಲಿನ ಚಿತ್ರ, ಅದರ ಕೆಳಗೆ ಶುಗರ್ ಇರುವವರಿಗೆ ಒಳ್ಳೆಯದು ಅನ್ನುವ ಅರ್ಥದ ಮಾತು, ಆಂಥೋಸಯನಿನ್ (ಹಣ್ಣಿನ ಆ ಬಣ್ಣದ ಹೆಸರೇ ಅದು) ತುಂಬಿದೆ ಅಂತ ದಪ್ಪ ಅಕ್ಷರ. ಬಣ್ಣವಂತೂ ಎಷ್ಟು ಚೆಂದ ಅಂದರೆ, ಲೋಟಕ್ಕೆ ಹಾಕಿ ಕಿಟಕಿ ಕಡೆ ಹಿಡಿದರೆ ಕಂಚಿ ಸೀರೆಯ ಅಂಚಿನ ಹಾಗೆ ಕಾಣುತ್ತಿತ್ತು. ಅಪ್ಪ ಒಂದು ಗುಟುಕು ಕುಡಿದು, "ಚೆನ್ನಾಗಿದೆ ಪುಟ್ಟಿ, ಆದ್ರೆ ಒಗರೇ ಇಲ್ವಲ್ಲ" ಅಂದರು. ನೇರಳೆ ತಿಂದು ಬೆಳೆದವರ ನಾಲಿಗೆ ಅದು. ಒಗರು ಇಲ್ಲದ ನೇರಳೆ ಎಲ್ಲಿಂದ ಬರಬೇಕು? ಆ ಮಾತು ಕೇಳಿದ ಮೇಲೆಯೇ ನಾನು ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದ್ದು. ಮೊದಲೇ ಓದಬೇಕಿತ್ತು.

ನೀರು, ಸಕ್ಕರೆ, ನೇರಳೆ ತಿರುಳು 18 ಪರ್ಸೆಂಟ್, ಐಎನ್‌ಎಸ್ 330, ಐಎನ್‌ಎಸ್ 211, ಕೊನೆಗೆ ಐಎನ್‌ಎಸ್ 122 ಮತ್ತು 133. ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಇಟ್ಟ ನಂಬರು, ನೆನಪಿಟ್ಟುಕೊಳ್ಳುವುದು ಕಷ್ಟವೇನಲ್ಲ. 330 ಅಂದರೆ ಸಿಟ್ರಿಕ್ ಆಸಿಡ್, ಹುಳಿಗೆ. 211 ಅಂದರೆ ಸೋಡಿಯಂ ಬೆಂಜೊಯೇಟ್, ಕೆಡದ ಹಾಗೆ ಇಡಲಿಕ್ಕೆ. 122 ಅಂದರೆ ಕಾರ್ಮೊಸಿನ್, ಕೆಂಪು ಬಣ್ಣ. 133 ಬ್ರಿಲಿಯಂಟ್ ಬ್ಲೂ, ನೀಲಿ ಬಣ್ಣ. ಕೆಂಪು, ನೀಲಿ ಸೇರಿದರೆ ನೇರಳೆ, ಇದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಎರಡೂ ನಮ್ಮ ದೇಶದಲ್ಲಿ ಹಾಕಲು ಅನುಮತಿ ಇರುವ ಬಣ್ಣಗಳೇ, ಕಾನೂನಿನ ಪ್ರಕಾರ ತಪ್ಪಿಲ್ಲ. ಯುರೋಪಿನಲ್ಲಿ ಮಾತ್ರ ಈ ಕಾರ್ಮೊಸಿನ್ ಇದ್ದರೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಆಗಬಹುದು ಅಂತ 2010ರಿಂದ ಚೀಟಿಯಲ್ಲಿ ಬರೆಯಲೇಬೇಕು. ಹಣ್ಣಿನಿಂದಲೇ ತೆಗೆದ ಆಂಥೋಸಯನಿನ್ ಬಣ್ಣಕ್ಕೆ ಬೇರೆ ನಂಬರ್ ಇದೆ, 163. ಆ ನಂಬರ್ ಈ ಬಾಟಲಿಯಲ್ಲಿ ಇರಲಿಲ್ಲ. ಹಣ್ಣಿನ ಬಣ್ಣ ಆರೋಗ್ಯಕ್ಕೆ ಒಳ್ಳೆಯದು ಅಂತ ಮುಂದೆ ಬರೆದು, ಹಿಂದೆ ಫ್ಯಾಕ್ಟರಿಯ ಬಣ್ಣ ಹಾಕಿದ್ದಾರೆ. ನನಗೆ ಬೇಜಾರಾಗಿದ್ದು ಇದಕ್ಕೇ.

ಚೀಟಿ ಓದಿದ್ದಷ್ಟೇ ಸಾಲದು, ಕಣ್ಣಲ್ಲೇ ನೋಡೋಣ ಅನ್ನಿಸಿತು. ಏಳನೇ ಕ್ಲಾಸಿನಲ್ಲಿ ದಾಸವಾಳದ ನೀರಿನ ಪ್ರಯೋಗ ಮಾಡಿಸುತ್ತೇವೆ, ನಿಮಗೂ ನೆನಪಿರಬಹುದು. ದಾಸವಾಳದ ಎಸಳನ್ನು ಬಿಸಿನೀರಲ್ಲಿ ಹಾಕಿಟ್ಟು, ಆ ನೀರಿಗೆ ನಿಂಬೆರಸ ಬಿಟ್ಟರೆ ಗಾಢ ಗುಲಾಬಿ, ಸೋಪಿನ ನೀರು ಬಿಟ್ಟರೆ ಹಸಿರು. ಆ ಬಣ್ಣ ಬದಲಿಸುವ ವಸ್ತುವೇ ಆಂಥೋಸಯನಿನ್. 1835ರಲ್ಲಿ ಜರ್ಮನಿಯ ಲುಡ್ವಿಗ್ ಮಾರ್ಕ್ವಾರ್ಟ್ ಇಟ್ಟ ಹೆಸರು, ಗ್ರೀಕ್ ಭಾಷೆಯ ಹೂವು ಮತ್ತು ನೀಲಿ ಅನ್ನುವ ಎರಡು ಪದ ಸೇರಿಸಿದ್ದು. ದಾಸವಾಳ, ನೇರಳೆ, ಬ್ಲೂಬೆರಿ, ಕಪ್ಪು ದ್ರಾಕ್ಷಿ, ಹಿಪ್ಪುನೇರಳೆ, ಪುನರ್ಪುಳಿ, ಕೆಂಪು ಎಲೆಕೋಸು, ಎಲ್ಲದರಲ್ಲೂ ಇದೇ ಕುಟುಂಬದ ಬಣ್ಣ. ಹುಳಿ ಇದ್ದಾಗ ಕೆಂಪು, ಹುಳಿ ಕಡಿಮೆ ಆದಂತೆ ನೇರಳೆ, ಕ್ಷಾರ ಆದರೆ ನೀಲಿ, ಹಸಿರು. ಕಾರ್ಮೊಸಿನ್, ಬ್ರಿಲಿಯಂಟ್ ಬ್ಲೂ ಹೀಗೆ ಸುಲಭಕ್ಕೆ ಬದಲಾಗುವುದಿಲ್ಲ.

ಅಡುಗೆಮನೆ ಕಟ್ಟೆ ಮೇಲೆ ಎರಡು ಬಿಳಿ ಪಿಂಗಾಣಿ ಬಟ್ಟಲು ಇಟ್ಟೆ. ಒಂದರಲ್ಲಿ ಬಾಟಲಿ ಜ್ಯೂಸ್ ಎರಡು ಚಮಚ. ಇನ್ನೊಂದರಲ್ಲಿ, ನೇರಳೆ ಸಿಗದ ಕಾಲವಾದ್ದರಿಂದ, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಪ್ಪೆ ಕಿವುಚಿ ಸೋಸಿದ ರಸ ಎರಡು ಚಮಚ. ಎರಡಕ್ಕೂ ಚಿಟಿಕೆ ಚಿಟಿಕೆ ಅಡುಗೆ ಸೋಡ. ದ್ರಾಕ್ಷಿ ರಸ ಬುಸ್ಸೆಂದು ನೊರೆ ಎದ್ದು, ನೊರೆ ಇಳಿಯುವಷ್ಟರಲ್ಲಿ ಕೆಂಪು ಹೋಗಿ ಮಳೆಗಾಲದ ಮೋಡದ ನೀಲಿ ಬಂತು, ಇನ್ನೊಂದು ಚಿಟಿಕೆಗೆ ಅಂಚಿನಲ್ಲಿ ಹಸಿರು. ಅದಕ್ಕೇ ನಾಲ್ಕು ಹನಿ ನಿಂಬೆ ಹಿಂಡಿದರೆ ಮತ್ತೆ ಕೆಂಪು. ಬಾಟಲಿಯ ಜ್ಯೂಸೂ ನೊರೆ ಎದ್ದಿತು, ಹುಳಿ ಇದೆಯಲ್ಲ. ಆದರೆ ನೊರೆ ಇಳಿದ ಮೇಲೆ ನೋಡಿದರೆ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಅದೇ ಕಂಚಿ ಅಂಚು. ಎರಡು ಚಮಚ ಸೋಡ ಸುರಿದರೂ ಅದೇ. ಅಪ್ಪ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. ಈ ಪರೀಕ್ಷೆಯಿಂದ ಎಷ್ಟು ಆಂಥೋಸಯನಿನ್ ಇದೆ ಅಂತ ಅಳೆಯಲು ಆಗುವುದಿಲ್ಲ. ಕಣ್ಣಿಗೆ ಕಾಣುವ ಬಣ್ಣದಲ್ಲಿ ಹೆಚ್ಚಿನದು ಹಣ್ಣಿನದೋ ಅಲ್ಲವೋ ಅನ್ನುವಷ್ಟು ಗೊತ್ತಾಗುತ್ತದೆ. ಮನೆಯಲ್ಲಿ ಎರಡು ನಿಮಿಷದ ಕೆಲಸ, ಮಾಡಿ ನೋಡಿ.

ನಿಜವಾದ ಹಣ್ಣಿನ ರಸವನ್ನೇ ತುಂಬಿಸಿದ್ದರೂ ಒಂದು ತೊಂದರೆ ಇದೆ. ಈ ಬಣ್ಣ ಬಲು ಸೂಕ್ಷ್ಮ. ಬಿಸಿ, ಬೆಳಕು, ಗಾಳಿ ಮೂರೂ ಅದಕ್ಕೆ ಆಗುವುದಿಲ್ಲ. ಕಾಯಿಸಿ, ಪಾರದರ್ಶಕ ಬಾಟಲಿಗೆ ತುಂಬಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ತಿಂಗಳುಗಟ್ಟಲೆ ಇಟ್ಟರೆ ನೇರಳೆ ಹೋಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಹುಶಃ ಅದನ್ನು ಮುಚ್ಚಲಿಕ್ಕೇ ಮೇಲಿಂದ ಬಣ್ಣ ಹಾಕುತ್ತಾರೆ.

ಶುಗರ್ ವಿಷಯಕ್ಕೆ ಬರುತ್ತೇನೆ. ಚೀಟಿ ಪ್ರಕಾರ 100 ಮಿಲಿಗೆ 12 ಗ್ರಾಂ ಸಕ್ಕರೆ. ಅಂದರೆ ಒಂದು ಲೋಟಕ್ಕೆ, 200 ಮಿಲಿಗೆ 24 ಗ್ರಾಂ, ಸುಮಾರು ಐದು ಟೀ ಚಮಚ. ಅಪ್ಪನಿಗೆ ತಿಂಡಿ ಆಗಿ ಎರಡು ಗಂಟೆಗೆ ಸಾಮಾನ್ಯವಾಗಿ 150, 160 ಇರುತ್ತದೆ. ಜ್ಯೂಸ್ ಕುಡಿದ ಎರಡನೇ ದಿನ ಅದೇ ಎರಡು ಇಡ್ಲಿ, ಅದೇ ಚಟ್ನಿ, ಜೊತೆಗೆ ಒಂದು ಲೋಟ ಈ ಜ್ಯೂಸ್. 221 ತೋರಿಸಿತು. ಮೀಟರ್ ತಪ್ಪಿರಬೇಕು ಅಂತ ಇನ್ನೊಂದು ಬೆರಳು ಚುಚ್ಚಿದೆವು, 217. ಅವತ್ತೇ ಬಾಟಲಿ ಪಕ್ಕಕ್ಕಿಟ್ಟೆ. ಸಕ್ಕರೆ ಕಾಯಿಲೆಯವರಿಗೆ ಅಂತ ಹೇಳಿ ಸಕ್ಕರೆ ನೀರು ಮಾರುವುದು ನನಗೆ ಸರಿ ಕಾಣಲಿಲ್ಲ, ಇವತ್ತಿಗೂ ಅದೇ ಮಾತು. ಕಂಪನಿಗೆ ಮೇಲ್ ಬರೆದೆ. ವೈದ್ಯರ ಸಲಹೆ ಪಡೆದು ಬಳಸಿ ಅಂತ ಒಂದು ಸಾಲಿನ ಉತ್ತರ ಬಂತು.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನವನ್ನು ಆಮೇಲೆ ಓದಿದೆ. ಅಮೆರಿಕದ 1,87,382 ಜನರ ಊಟದ ಅಭ್ಯಾಸ ಮತ್ತು ಶುಗರ್ ಕಾಯಿಲೆಯನ್ನು ವರ್ಷಗಟ್ಟಲೆ ಗಮನಿಸಿದ್ದು. ಬ್ಲೂಬೆರಿ, ದ್ರಾಕ್ಷಿ, ಸೇಬಿನಂಥ ಹಣ್ಣುಗಳನ್ನು ಇಡಿಯಾಗಿ ತಿನ್ನುವವರಲ್ಲಿ ಟೈಪ್ 2 ಶುಗರ್ ಬರುವುದು ಕಡಿಮೆ ಇತ್ತು. ಹಣ್ಣಿನ ಜ್ಯೂಸ್ ಜಾಸ್ತಿ ಕುಡಿಯುವವರಲ್ಲಿ ಹೆಚ್ಚಿತ್ತು. ಇಡೀ ಹಣ್ಣು ಒಂದು ಕಡೆ, ಜ್ಯೂಸ್ ಅದರ ಎದುರು ಕಡೆ. ಅದನ್ನು ಓದಿದ ಮೇಲೆ ಹಣ್ಣೇ ತರಬೇಕು ಅಂತ ತೀರ್ಮಾನ ಮಾಡಿದೆ.

ಹಣ್ಣು ಅಂದಾಗ ಮೇ ತಿಂಗಳಲ್ಲಿ ಸಿಕ್ಕಿದ್ದು ಬ್ಲೂಬೆರಿ. ತಾಜಾ ಬ್ಲೂಬೆರಿ 125 ಗ್ರಾಂ ಪುಟ್ಟ ಡಬ್ಬಿಗೆ 300 ರೂಪಾಯಿ ಕೇಳಿದರು, ಪೆರು ದೇಶದ್ದು. ಅದನ್ನು ಬಿಟ್ಟು ಫ್ರೋಜನ್ ಪ್ಯಾಕೆಟ್ ತಂದೆ, ಅರ್ಧ ಕೆಜಿ 650. ಪದಾರ್ಥಗಳ ಜಾಗದಲ್ಲಿ ಒಂದೇ ಪದ, ಬ್ಲೂಬೆರಿ. ನೋಡಿ ಸಮಾಧಾನವಾಯಿತು. ಫ್ರೀಜ್ ಮಾಡಿದ್ದು ಕಡಿಮೆ ಅಂದುಕೊಳ್ಳಬೇಡಿ. ಚಳಿಯಲ್ಲಿ ಈ ಬಣ್ಣ ಚೆನ್ನಾಗಿ ಉಳಿಯುತ್ತದೆ. ಹೊರಗಿಟ್ಟು ಕರಗಿದಾಗ ನೇರಳೆ ನೀರು ಬಿಡುತ್ತದೆ, ಅದು ಒಳಗೆ ಐಸ್ ಹರಳು ಕಟ್ಟಿ ಸಿಪ್ಪೆಯ ಜೀವಕೋಶ ಒಡೆದಿರುವುದರಿಂದ. ಆ ನೀರನ್ನು ಚೆಲ್ಲಬೇಡಿ, ಬಣ್ಣ ಇರುವುದೇ ಅದರಲ್ಲಿ.

ಒಂದು ಬ್ಲೂಬೆರಿಯನ್ನು ಚಾಕುವಿನಿಂದ ಎರಡು ಹೋಳು ಮಾಡಿ ನೋಡಿ. ಹೊರಗೆ ಅಷ್ಟು ಕಡು ನೀಲಿ, ಒಳಗೆ ತಿಳಿ ಹಸಿರು ಮಿಶ್ರಿತ ಬಿಳಿ. ಬಣ್ಣ ಎಲ್ಲಾ ಸಿಪ್ಪೆಯಲ್ಲಿ, ಕಾಗದದಷ್ಟು ತೆಳುವಾದ ಪದರದಲ್ಲಿ. ಯುರೋಪಿನ ಕಾಡಿನಲ್ಲಿ ಬೆಳೆಯುವ ಬಿಲ್‌ಬೆರಿ ಅನ್ನುವ ಇದರ ದಾಯಾದಿ ಹಣ್ಣು ಒಳಗೂ ನೇರಳೆಯಂತೆ. ನಮಗೆ ಬರುವುದು ತೋಟದ ದೊಡ್ಡ ಬ್ಲೂಬೆರಿ. ಹಾಗಾಗಿ ಹಣ್ಣು ಚಿಕ್ಕದಿದ್ದಷ್ಟೂ ಸಿಪ್ಪೆಯ ಪಾಲು ಜಾಸ್ತಿ. ದಪ್ಪ ದಪ್ಪ ಹಣ್ಣಿಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥ ಇಲ್ಲ. ರುಚಿ ಸೌಮ್ಯ, ಒಗರಿಲ್ಲ, ಹುಳಿ ಕಡಿಮೆ. ಅಪ್ಪ ಮೊಸರಿಗೆ ಹಾಕಿಕೊಂಡು ಇಷ್ಟಪಟ್ಟು ತಿಂದರು. ಉಳಿದಿದ್ದನ್ನು ರಾಗಿ ಕೇಕಿಗೆ ಹಾಕಿದೆ. ಹಿಟ್ಟಿಗೆ ಸೋಡ ಹಾಕಿದ್ದೆನಲ್ಲ, ಪ್ರತಿ ಹಣ್ಣಿನ ಸುತ್ತ ಹಸಿರು ಉಂಗುರ ಮೂಡಿತ್ತು. ಅತ್ತಿಗೆ ಬೂಷ್ಟು ಹಿಡಿದಿದೆ ಅಂತ ಗಾಬರಿಯಾದರು. ಬೂಷ್ಟಲ್ಲ ಅತ್ತಿಗೆ, ನಿಜವಾದ ಬಣ್ಣದ ಗುರುತು ಅಂತ ತೋರಿಸಿದೆ.

ಬ್ಲೂಬೆರಿ ಮೇಲೆ ನಡೆದಷ್ಟು ಸಂಶೋಧನೆ ನಮ್ಮ ನೇರಳೆಯ ಮೇಲೆ ನಡೆದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. 2013ರಲ್ಲಿ ಅಮೆರಿಕದ 93,600 ನರ್ಸ್‌ಗಳನ್ನು 18 ವರ್ಷ ಗಮನಿಸಿದ ಅಧ್ಯಯನ ಬಂತು. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ಬ್ಲೂಬೆರಿ, ಸ್ಟ್ರಾಬೆರಿ ತಿನ್ನುತ್ತಿದ್ದವರಲ್ಲಿ ಹೃದಯಾಘಾತ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಆದರೆ ಬೆರಿ ತಿನ್ನುವವರು ಬೇರೆ ವಿಷಯದಲ್ಲೂ ಆರೋಗ್ಯ ನೋಡಿಕೊಳ್ಳುವವರೇ ಇರಬಹುದು, ಬರೀ ಗಮನಿಸಿದ್ದರಿಂದ ಹಣ್ಣೇ ಕಾರಣ ಅಂತ ಹೇಳಲು ಆಗುವುದಿಲ್ಲ. 2019ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರ ಪ್ರಯೋಗ ಇನ್ನೂ ಗಟ್ಟಿ. ತೂಕ ಜಾಸ್ತಿ ಇದ್ದು, ಶುಗರ್ ಮತ್ತು ಹೃದಯದ ಕಾಯಿಲೆ ಬರುವ ಅಪಾಯ ಇದ್ದ 50ರಿಂದ 75 ವರ್ಷದವರಿಗೆ ಆರು ತಿಂಗಳು ಬ್ಲೂಬೆರಿ ಪುಡಿ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 150 ಗ್ರಾಂ ಹಣ್ಣಿಗೆ ಸಮ, ಇನ್ನೊಂದಕ್ಕೆ 75 ಗ್ರಾಂಗೆ ಸಮ, ಮೂರನೆಯದಕ್ಕೆ ಅದೇ ಬಣ್ಣ, ರುಚಿಯ ಖಾಲಿ ಪುಡಿ. 150 ಗ್ರಾಂನವರ ರಕ್ತನಾಳಗಳು ಚೆನ್ನಾಗಿ ಹಿಗ್ಗುವುದು ಕಂಡಿತು. 75 ಗ್ರಾಂನವರಲ್ಲಿ ಆ ಲಾಭ ಕಾಣಲಿಲ್ಲ. ಇನ್ಸುಲಿನ್ ಕೆಲಸದಲ್ಲಿ ಯಾರಿಗೂ ಬದಲಾವಣೆ ಇಲ್ಲ. ಆ ಪ್ರಯೋಗಕ್ಕೆ ಹಣ ಕೊಟ್ಟವರಲ್ಲಿ ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯೂ ಇತ್ತು, ಅದೂ ಗೊತ್ತಿರಲಿ.

ಅಂದರೆ ರಕ್ತನಾಳಕ್ಕೆ ಒಳ್ಳೆಯದು ಇರಬಹುದು, ಶುಗರ್ ಇಳಿಸುತ್ತದೆ ಅನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಸ್ಟೆಂಟ್ ಇರುವ ಅಪ್ಪನಿಗೆ ಮೊದಲನೆಯದೇ ಮುಖ್ಯ ಅನ್ನಿಸಿ ಲೆಕ್ಕ ಹಾಕಿದೆ. ದಿನಕ್ಕೆ 150 ಗ್ರಾಂ, ತಿಂಗಳಿಗೆ ನಾಲ್ಕೂವರೆ ಕೆಜಿ, ಒಂಬತ್ತು ಪ್ಯಾಕೆಟ್, 5,850 ರೂಪಾಯಿ. ಅಪ್ಪನ ಎಲ್ಲಾ ಮಾತ್ರೆಗೂ ಸೇರಿ ಅಷ್ಟಾಗುವುದಿಲ್ಲ. ಹಣ್ಣು ಒಳ್ಳೆಯದು, ಪ್ಯಾಕೆಟ್ ಒಳ್ಳೆಯದು, ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ದಿನಾ ತರುವುದು ನಮ್ಮಂಥ ಮನೆಗೆ ಆಗುವ ಮಾತಲ್ಲ.

ಇದೇ ಹೊತ್ತಿಗೆ ಅಣ್ಣ ಒಂದು ಡಬ್ಬಿ ಕ್ಯಾಪ್ಸೂಲ್ ಕಳಿಸಿದ. ಅರವತ್ತಕ್ಕೆ 1,400 ರೂಪಾಯಿ. ಒಂದು ಕ್ಯಾಪ್ಸೂಲ್ ಇಷ್ಟು ಹಣ್ಣಿಗೆ ಸಮ ಅಂತ ಬರೆದಿತ್ತು, ಆದರೆ ಆಂಥೋಸಯನಿನ್ ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಇಲ್ಲ. ಓಆರ್‌ಎಸಿ ಅನ್ನುವ ಒಂದು ಅಂಕಿ ಮಾತ್ರ ದೊಡ್ಡದಾಗಿ ಹಾಕಿದ್ದರು. ಅದು ಪ್ರನಾಳದಲ್ಲಿ ಒಂದು ವಸ್ತು ಎಷ್ಟು ಆ್ಯಂಟಿಆಕ್ಸಿಡೆಂಟ್ ಅಂತ ಅಳೆಯುವ ಅಂಕಿ. ಪ್ರನಾಳ ಬೇರೆ, ಹೊಟ್ಟೆ ಬೇರೆ. ಕಂಪನಿಗಳು ಜಾಹೀರಾತಿಗೆ ಆ ಅಂಕಿಯನ್ನು ತಪ್ಪಾಗಿ ಬಳಸುತ್ತಿವೆ ಅಂತ ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತನ್ನ ಪಟ್ಟಿಯನ್ನು ವೆಬ್‌ಸೈಟ್‌ನಿಂದ ತೆಗೆದುಹಾಕಿತ್ತು. ನಾವು ತಿಂದ ಆಂಥೋಸಯನಿನ್‌ನಲ್ಲಿ ಇದ್ದ ಹಾಗೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹೆಚ್ಚಿನದು ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಬೇರೆ ಬೇರೆ ಸಣ್ಣ ವಸ್ತು ಮಾಡುತ್ತವೆ. ಲಾಭ ಏನಿದ್ದರೂ ಅವುಗಳಿಂದಲೂ ಬರುತ್ತದೆ ಅನ್ನುವುದು ಈಗಿನ ತಿಳುವಳಿಕೆ. ಆ ಬ್ಯಾಕ್ಟೀರಿಯಾಗಳಿಗೆ ನಾರೂ ಬೇಕು. ನಾರು ಹಣ್ಣಲ್ಲಿದೆ, ಕ್ಯಾಪ್ಸೂಲಲ್ಲಿ ಇಲ್ಲ. ಡಬ್ಬಿಯಲ್ಲಿ ಕಣ್ಣಿನ ದೃಷ್ಟಿಗೂ ಒಳ್ಳೆಯದು ಅಂತಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಬಿಲ್‌ಬೆರಿ ಜಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ನೋಡುತ್ತಿದ್ದರು ಅನ್ನುವ ಹಳೆಯ ಕಥೆಯಿಂದ ಹುಟ್ಟಿದ ನಂಬಿಕೆ ಅದು. ಸರಿಯಾಗಿ ಮಾಡಿದ ಪ್ರಯೋಗಗಳಲ್ಲಿ ರಾತ್ರಿ ದೃಷ್ಟಿಗೆ ಲಾಭ ಕಾಣಲಿಲ್ಲ. ಅಪ್ಪ ಬ್ಲಡ್ ಥಿನ್ನರ್ ತೆಗೆದುಕೊಳ್ಳುತ್ತಾರೆ, ಇಂಥ ಸಾರ ತುಂಬಿದ ಮಾತ್ರೆಯನ್ನು ಕೇಳದೆ ಕೊಡುವುದು ಬೇಡ ಅಂತ ಡಾಕ್ಟರಿಗೆ ತೋರಿಸಿದೆ. "ಇದು ಬೇಡಮ್ಮ. ಹಣ್ಣು ತಿನ್ನಲಿ, ಮಾತ್ರೆ ಮಾತ್ರ ಬಿಡಿಸಬೇಡಿ" ಅಂದರು. ಡಬ್ಬಿ ವಾಪಸ್ ಕಳಿಸಿದೆ.

ಜೂನ್ ಬಂತು, ಎರಡು ಮಳೆ ಬಿತ್ತು, ಕ್ಯಾತ್ಸಂದ್ರದ ಹತ್ತಿರ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬುಟ್ಟಿಗೆ ಮುತ್ತುಗದ ಎಲೆ ಹಾಸಿ, ಮೇಲೆ ಕಪ್ಪಗೆ ಮಿರಿಮಿರಿ ಮಿಂಚುವ ನೇರಳೆ. "ತಗೋಳವ್ವ, ಬೆಳಿಗ್ಗೆ ಉದುರ್ಸಿದ್ದು" ಅಂತ ಒಂದು ಹಣ್ಣು ಕೈಗಿಟ್ಟರು. ನೇರಳೆ ಕೊಂಬೆ ಪೆಳಸು, ಮರ ಹತ್ತುವುದು ಅಪಾಯ. ಕೆಳಗೆ ಇಬ್ಬರು ಹಳೇ ಸೀರೆ ಹಿಡಿದು ನಿಂತರೆ, ಮೇಲಿನ ಹುಡುಗ ಗಟ್ಟಿ ಕೊಂಬೆ ಮೇಲಷ್ಟೇ ನಿಂತು ಗಳದಲ್ಲಿ ಅಲ್ಲಾಡಿಸುತ್ತಾನಂತೆ. ನೆಲಕ್ಕೆ ಬಿದ್ದರೆ ಹಣ್ಣು ಒಡೆದು ಮಣ್ಣಾಗುತ್ತದೆ, ಅದಕ್ಕೆ ಸೀರೆ. ಕೆಜಿಗೆ 200 ರೂಪಾಯಿ, ಹದಿನೈದು ದಿನ ಕಳೆದ ಮೇಲೆ 120ಕ್ಕೂ ಕೊಟ್ಟರು. ತೂಕದಲ್ಲಿ ಮೋಸ ಇಲ್ಲ, ಕೊಳೆತದ್ದು ತಾವೇ ಆರಿಸಿ ತೆಗೆಯುತ್ತಾರೆ. ಅಂಗಡಿ ವಿಮರ್ಶೆ ಅಂದರೆ ಇದಕ್ಕೂ ಬರೆಯಬೇಕಲ್ಲ, ಐದಕ್ಕೆ ಐದು.

ಆ ಹಣ್ಣನ್ನು ಹತ್ತಿರದಿಂದ ನೋಡಿ. ಸಿಪ್ಪೆ ಕಪ್ಪು, ಕಚ್ಚಿದರೆ ಅದರ ಕೆಳಗಿನ ತಿರುಳು ಕಡು ಗುಲಾಬಿ, ಬೀಜದ ಹತ್ತಿರ ಬಿಳಿ. ಬ್ಲೂಬೆರಿಯ ಹಾಗೆ ಸಿಪ್ಪೆಯಲ್ಲೇ ನಿಲ್ಲದೆ ಬಣ್ಣ ತಿರುಳಿಗೂ ಇಳಿದಿರುತ್ತದೆ, ಅದಕ್ಕೇ ಒಂದೇ ಹಣ್ಣಿಗೆ ನಾಲಿಗೆ ನೇರಳೆ ಆಗುವುದು. ಇದರಲ್ಲಿ ಇರುವುದು ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಅನ್ನುವ ಬಣ್ಣಗಳು, ಬ್ಲೂಬೆರಿಯಲ್ಲೂ ಇವೇ ಮುಖ್ಯ. ಸ್ಟ್ರಾಬೆರಿಯ ಕೆಂಪಿಗೆ ಕಾರಣ ಪೆಲಾರ್ಗೊನಿಡಿನ್, ಅದು ಬೇರೆ. ಅಂದರೆ ಬಣ್ಣದ ಲೆಕ್ಕದಲ್ಲಿ ಪೆರುವಿನ ಬ್ಲೂಬೆರಿಗೂ ಕ್ಯಾತ್ಸಂದ್ರದ ನೇರಳೆಗೂ ಹತ್ತಿರದ ನಂಟು. ಬ್ಲೂಬೆರಿಗೆ ಆದಂಥ ದೊಡ್ಡ, ವರ್ಷಗಟ್ಟಲೆಯ ಪ್ರಯೋಗ ನೇರಳೆಗೆ ಆಗಿಲ್ಲ. ಆಗಬೇಕು, ನಮ್ಮ ಕೃಷಿ ವಿಶ್ವವಿದ್ಯಾಲಯಗಳೂ ವೈದ್ಯಕೀಯ ಕಾಲೇಜುಗಳೂ ಸೇರಿ ಮಾಡಿದರೆ ಎಷ್ಟು ಒಳ್ಳೆಯದು. ಅಲ್ಲಿಯವರೆಗೆ ನೇರಳೆಯಿಂದ ಶುಗರ್ ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಬೀಜದ ಪುಡಿಯ ಬಗ್ಗೆಯೂ ತುಂಬಾ ಜನ ಹೇಳುತ್ತಾರೆ. ಇಲಿಗಳ ಮೇಲೆ ಪ್ರಯೋಗ ಬೇಕಾದಷ್ಟಿವೆ, ಮನುಷ್ಯರ ಮೇಲಿನವು ಚಿಕ್ಕವು. ಮಾತ್ರೆ ನಿಲ್ಲಿಸಿ ಪುಡಿ ತಿಂದು ಆಸ್ಪತ್ರೆ ಸೇರಿದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಅಪ್ಪನಿಗೆ ಕೊಟ್ಟಿದ್ದು ದಿನಕ್ಕೆ ಹನ್ನೆರಡು, ಹದಿನೈದು ಹಣ್ಣು, ತಿಂಡಿಯ ಜೊತೆಗೆ. ತೊಳೆದು, ಚಿಟಿಕೆ ಉಪ್ಪಿನ ನೀರಲ್ಲಿ ಹತ್ತು ನಿಮಿಷ ಬಿಟ್ಟು. "ಉಪ್ಪು ಹಾಕ್ಕೊಂಡು ತಿನ್ನವ್ವ, ಗಂಟಲು ಕಟ್ಟಲ್ಲ" ಅಂತ ಅಜ್ಜಿಯೇ ಹೇಳಿದ್ದು, ಒಗರು ನಿಜಕ್ಕೂ ಕಡಿಮೆ ಅನ್ನಿಸುತ್ತದೆ. ಮೂರು ದಿನ ಎರಡು ಗಂಟೆಗೆ ಶುಗರ್ ನೋಡಿದೆವು: 158, 149, 163. ಜಾಸ್ತಿ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಒಬ್ಬರ ಮೂರು ದಿನದ ಲೆಕ್ಕ, ಅಷ್ಟಕ್ಕೇ ಅದರ ಬೆಲೆ. ಆದರೆ ಜ್ಯೂಸ್ ಕುಡಿದ ದಿನದ 221 ನೋಡಿದ್ದ ನನಗೆ ಈ ಅಂಕಿಗಳು ಎಷ್ಟು ನೆಮ್ಮದಿ ಕೊಟ್ಟವು ಅಂತ ಹೇಳಲಾರೆ. ಸೋಡ ಪರೀಕ್ಷೆಯನ್ನೂ ಮಾಡಿದೆ. ಒಂದು ಹಣ್ಣು ಕಿವುಚಿ ಚಿಟಿಕೆ ಹಾಕಿದ್ದೇ ತಡ, ನವಿಲುಗರಿಯ ನೀಲಿ ಹಸಿರು. ಕ್ಲಾಸಿಗೂ ತೆಗೆದುಕೊಂಡು ಹೋಗಿದ್ದೆ. ಮಕ್ಕಳು ಪ್ರಯೋಗ ಮುಗಿಯುವ ಮೊದಲೇ ಅರ್ಧ ಹಣ್ಣು ಖಾಲಿ ಮಾಡಿ, ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸುತ್ತಾ ಕೂತಿದ್ದರು.

ನೇರಳೆಯ ಕಷ್ಟ ಏನಂದರೆ ಕಾಲ. ಆರು ವಾರ, ಹೆಚ್ಚೆಂದರೆ ಎಂಟು, ಆಮೇಲೆ ಇಲ್ಲ. ತಂದ ಎರಡನೇ ದಿನಕ್ಕೆ ಮೆತ್ತಗಾಗುತ್ತದೆ. ಫ್ರೋಜನ್ ಬ್ಲೂಬೆರಿಯಿಂದ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಗಟ್ಟಿ ಹಣ್ಣು ಆರಿಸಿ, ತೊಳೆದು, ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಗೋಲಿಯ ಹಾಗೆ ಗಟ್ಟಿ. ಆಮೇಲೆ ಮುಚ್ಚಳದ ಡಬ್ಬಿಗೆ ತುಂಬಿಸಿದೆ. ಒದ್ದೆ ಇದ್ದರೆ ಎಲ್ಲಾ ಒಂದೇ ಮುದ್ದೆಯಾಗುತ್ತದೆ, ಮೊದಲನೇ ಸಲ ನನಗೆ ಹಾಗೇ ಆಯಿತು. ಬೀಜ ತೆಗೆಯುವ ತಾಪತ್ರಯ ಬೇಡ, ಕರಗಿದ ಮೇಲೆ ತಾನೇ ಸುಲಭವಾಗಿ ಬಿಡುತ್ತದೆ. ನಾಲ್ಕು ಕೆಜಿ ಹೀಗೆ ಇಟ್ಟೆ. ಕರಗಿದಾಗ ತಾಜಾ ಹಣ್ಣಿನ ಗಡಸು ಇರುವುದಿಲ್ಲ, ಬಾಯಿಗೆ ಮೆತ್ತಗೆ. ಆದರೆ ಬಣ್ಣ ಹಾಗೇ ಇದೆ, ಒಗರೂ ಇದೆ.

ಪುನರ್ಪುಳಿ ಬಂದಿದ್ದು ನಮ್ಮ ಶಾಲೆಯ ಪುತ್ತೂರಿನ ಟೀಚರ್ ರಜೆ ಮುಗಿಸಿ ಬಂದಾಗ. ಉತ್ತರ ಕನ್ನಡದವರು ಮುರುಗಲು ಅನ್ನುತ್ತಾರೆ, ಬೇರೆ ಕಡೆ ಕೋಕಂ. ಅದರ ಕೆಂಪು ಸಯನಿಡಿನ್ ಅನ್ನುವ ಆಂಥೋಸಯನಿನ್‌ನದು. ನಾಲ್ಕು ಸಿಪ್ಪೆ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ನೀರು ಮಾಣಿಕ್ಯದ ಬಣ್ಣ. ಜೀರಿಗೆ ಪುಡಿ ಹಾಕಿ, ಸಕ್ಕರೆ ಇಲ್ಲದೆ ಕುಡಿಯುವುದು ಅಪ್ಪನಿಗೆ ಅಭ್ಯಾಸವಾಗಿದೆ. ಬಿಸಿಲಿನ ದಿನ ಇದಕ್ಕಿಂತ ಒಳ್ಳೆಯ ಪಾನೀಯ ಇಲ್ಲ. ಒಂದು ಎಚ್ಚರಿಕೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯೂ ಬರುತ್ತದೆ, ಬಿಪಿ ಇರುವವರು ಉಪ್ಪು ಹಾಕದ್ದನ್ನು ಕೇಳಿ ತರಿಸಿ. ಸಕ್ಕರೆ ಹಾಕಿದ ಸಿರಪ್ ಬೇಡವೇ ಬೇಡ, ಅದಕ್ಕೂ ಆ ಜ್ಯೂಸ್ ಬಾಟಲಿಗೂ ಶುಗರ್ ಮೀಟರಿನ ಮುಂದೆ ಬಹಳ ವ್ಯತ್ಯಾಸ ಇರುವುದಿಲ್ಲ.

ಹಿಪ್ಪುನೇರಳೆ ಹಣ್ಣು ತರಬೇಕು ಅಂತಲೂ ಆಸೆ ಇತ್ತು. ಸಿಗಲಿಲ್ಲ. ರೇಷ್ಮೆಯ ನಾಡಲ್ಲಿ ಹಿಪ್ಪುನೇರಳೆ ತೋಟಕ್ಕೆ ಬರ ಇಲ್ಲ, ಆದರೆ ಸೊಪ್ಪಿಗಾಗಿ ಕಟಾವು ಮಾಡುತ್ತಲೇ ಇರುತ್ತಾರೆ, ಹಣ್ಣು ಮಾರುಕಟ್ಟೆಗೆ ಬರುವುದೇ ಅಪರೂಪ. ನಿಮ್ಮೂರಲ್ಲಿ ಹಣ್ಣಿಗೆ ಅಂತಲೇ ಬೆಳೆದು ಮಾರುವವರಿದ್ದರೆ ತಿಳಿಸಿ, ಬಂದು ಕೊಳ್ಳುತ್ತೇನೆ.

ಈಗ ಫ್ರೀಜರಿನಲ್ಲಿ ಇನ್ನೊಂದು ಡಬ್ಬಿ ನೇರಳೆ ಉಳಿದಿದೆ, ಸಂಕ್ರಾಂತಿವರೆಗೆ ಬರಬಹುದು. ಬೆಳಿಗ್ಗೆ ಎದ್ದು ಹದಿನೈದು ಹಣ್ಣು ಎಣಿಸಿ ಬಟ್ಟಲಿಗೆ ಹಾಕಿಡುವುದು ಅಪ್ಪನೇ. ಮಾತ್ರೆ ಡಬ್ಬಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ತಿಂದಾದ ಮೇಲೆ ಬಟ್ಟಲಿನ ತಳದಲ್ಲಿ ಉಳಿದ ನೇರಳೆ ನೀರನ್ನೂ ಎತ್ತಿ ಕುಡಿದು, ಮೊಮ್ಮಗಳಿಗೆ ನಾಲಿಗೆ ತೋರಿಸುತ್ತಾರೆ.